ವಾಪಸ್ ಬಂದ ಉಡಿ

ಟಿಬಿಲಿಸಿ, ಜಾರ್ಜಿಯಾ
19 ಜನವರಿ 2025

ಅಣ್ಣಗ,

ಇಲ್ಲಿ ಎಲ್ಲಾರೂ ಕ್ಷೇಮ ಅಂತ ಬರಿಬೇಕು. ಎಲ್ಲಾರೂ ಅಂದ್ರ ಇಲ್ಲಿ ನಾ ಒಬ್ಬಾಕಿ. ನಾ ಕ್ಷೇಮ. ಲೆಕ್ಕ ಸರಿಹೋತು.

ಫೋನ್ ಮಾಡಿದ್ರ ನೀ ಬರೇ "ಆಂ? ಆಂ?" ಅಂತಿ. ಜಿನ್ನಿಂಗ್ ಮಿಲ್ಲಿನ ಹಳೇ ನೌಕರಿ ನಿನ್ನ ಎರಡೂ ಕಿವಿ ತಿಂದು ಮುಗಿಸೇತಿ. ಮೊಬೈಲಿಗೆ ಬರದು ಹಾಕಿದ್ರ ನಿನ್ನ ಮನಿಯಾಕಿ, ವೀರವ್ವ ವೈನಿ, ಓದಿ ಹೇಳ್ತಾಳ, ಹೇಳೋವಾಗ ಅರ್ಧಾ ತಂದ ಸೇರಸ್ತಾಳ. ಅದಕ್ಕ ಕಾಗದ. ಹಾನಗಲ್ಲಿನ ಲೋಹಿತ, ಇಲ್ಲಿ ಡಾಕ್ಟರಕಿ ಓದಾಕ ಬಂದವ, ಸೂಟಿಗೆ ಊರಿಗೆ ಹೊಂಟಾನ. ಅವನ ಕೈಯಾಗ ಕೊಡಾಕತ್ತೇನಿ. ಗೋಂದು ಹಚ್ಚೇನಿ. ಬಿಚ್ಚಿದ್ದು ಕಂಡ್ರ ತಿಳಸು.

ಈಗ ವಿಷಯಕ್ಕ ಬರ್ತೇನಿ. ನಾ ಎರಡು ವರ್ಷದಿಂದ ಯಾರ ಖಾನಾವಳ್ಯಾಗ ಅಡಗಿ ಮಾಡಾಕತ್ತೇನೋ ಆ ಸವಣೂರಿನ ದಸ್ತಗೀರಸಾಬ ಊರಿಗೆ ಹೊಂಟಾನ, ಕಾಯಂ. "ತಂಗಿ, ನೀನ ತಗೋ" ಅಂದಾನ. ಕೆಳಗ ಊಟದ ಹಾಲು, ಅಡಗಿಮನಿ. ಮ್ಯಾಲ ಎರಡು ಖೋಲಿ, ಓಣಿ ಕಡೆ ಕಟಗಿ ಕಟಾಂಜನ. ನೂರಾ ಐವತ್ತು ವರ್ಷದ ಮನಿ, ಊರಿನ ಹಳೇ ಭಾಗದಾಗ. ಎಲ್ಲಾ ಕೂಡಿ ಅವ ಹೇಳಿದ ರೇಟಿಗೆ ಹುಬ್ಬಳ್ಳ್ಯಾಗ ಒಂದು ಪಾನಶಾಪ್ ಬರಂಗಿಲ್ಲ. ಇಲ್ಲಿ ಬಾಡಗಿ ಸೋವಿ, ಬ್ರೆಡ್ಡು ಸೋವಿ, ದಾಳಂಬ್ರಿ ಸೋವಿ, ಬಸ್ಸಂತೂ ಭಾಳ ಸೋವಿ. ಊಟಕ್ಕ ಎಪ್ಪತ್ತೊಂದು ಮಂದಿ ಬರ್ತಾರ, ಎಲ್ಲಾ ನಮ್ಮ ಕಡೆ ಹುಡುಗರು, ಹುಡುಗ್ಯಾರು.

ಶಿಗ್ಗಾಂವ್ಯಾಗ ನನ್ನ ಖಾನಾವಳಿ ಹೆಂಗ ಹೋತು ನಿನಗ ಗೊತ್ತೈತಿ. ಮ್ಯಾಲ ಸೇತುವಿ ಆತು, ಲಾರಿ ಎಲ್ಲಾ ನನ್ನ ಬೋರ್ಡಿನ ತಲಿ ಮ್ಯಾಲಿಂದ ಹಾರಿ ಹೋದ್ವು. ಇಲ್ಲಿ ಹಂಗ ಯಾರೂ ಹಾರಿ ಹೋಗಂಗಿಲ್ಲ.

ಹಿರೇಕೆರೂರ ಬಸ್‌ಸ್ಟ್ಯಾಂಡ್ ಬಾಜೂಕ ಅಪ್ಪನ ನಾಕು ಗುಂಟೆ ಐತಲ್ಲ, ಅದನ್ನ ಮಾರಿ ನನ್ನ ಅರ್ಧಾ ಕೊಡು. ದೀಪಾವಳಿ ಒಳಗ ಪೂರಾ ಕೊಟ್ರ ಆತು ಅಂದಾನ ದಸ್ತಗೀರಸಾಬ. ನೀ ಹೂಂ ಅಂದ್ರ ಮಾತು ಕೊಡ್ತೇನಿ.

ಗಲಾಟಿ ಅಂತ ಟಿವ್ಯಾಗ ಏನರ ಬಂದ್ರ ನಂಬಬ್ಯಾಡ. ಜನ ಸಂಜಿಕ ಪಾರ್ಲಿಮೆಂಟಿನ ಕಡೆ ತಿರುಗಾಡಾಕ ಹೋಗ್ತಾರ, ಅಷ್ಟ.

ನಿನ್ನ ತಂಗಿ
ಶೈಲಶ್ರೀ

---

ಹಿರೇಕೆರೂರು
11 ಫೆಬ್ರುವರಿ 2025

ಶೈಲಾ,

ಗೋಂದು ಗಟ್ಟಿ ಇತ್ತು. ಯಾರೂ ಬಿಚ್ಚಿಲ್ಲ. ಬಿಚ್ಚೋವಾಗ ನಾನ ಅರ್ಧಾ ಹರದೆ.

ಮೂರು ಸಲ ಓದಿದೆ. "ಸೋವಿ" ನಾಕು ಕಡೆ ಐತಿ, ನಾಕೂ ಒಂದ ಸಾಲಿನ್ಯಾಗ. ನಾ ಬೀಜ ಮಾರವ. ಪ್ಯಾಕೀಟಿನ ಮ್ಯಾಲ ಬಣ್ಣದ ಚಿತ್ರ ದೊಡ್ಡದಿದ್ರ ಮೊದಲ ಹಿಂದ ತಿರುವಿ ತಾರೀಖ ನೋಡ್ತೇನಿ. ನಿನ್ನ ಊರಿನ ಪ್ಯಾಕೀಟನೂ ತಿರುವಿ ನೋಡೂಣು.

ಒಂದು. ನಡಿಯೋ ಖಾನಾವಳಿ ಬಿಟ್ಟು ದಸ್ತಗೀರಸಾಬ ಯಾಕ ಹೊಂಟಾನ? ನೀ ಬರದಿಲ್ಲ. ಎಪ್ಪತ್ತೊಂದು ಮಂದಿ ಉಣ್ಣೋ ಪಂಗ್ತಿ ಬಿಟ್ಟು ಯಾವ ಶ್ಯಾಣ್ಯಾನೂ ಏಳಂಗಿಲ್ಲ. ಅದೂ ಎಪ್ಪತ್ತು ಅಂದಿದ್ರ ನಂಬತಿದ್ದೆ. ಆ ಮ್ಯಾಲಿನ ಒಂದು ನನಗ ಅನುಮಾನ ತಂದೇತಿ.

ಎರಡು. ತಿರುಗಾಡಾಕ ಹೋದ ಜನರ ಫೋಟೋ ನಮ್ಮ ಪೇಪರಿನ್ಯಾಗೂ ಬಂದಿತ್ತು. ಪೊಲೀಸರು ಅವರ ಮ್ಯಾಲ ಪೈಪಿನ್ಯಾಗ ನೀರು ಹೊಡಿಯಾಕತ್ತಿದ್ರು. ಅಂಥಾ ಥಂಡ್ಯಾಗ ಊರ ಮಂದಿಗೆಲ್ಲಾ ಜಳಕ ಮಾಡಸಾಕ ಕರದಿದ್ರೇನು?

ನಿನ್ನ ವೈನಿ ಬಾಜೂಕ ಕುಂತು, "ಆಕಿಗೆ ಅಲ್ಲಿ ಯಾರರ ಗಂಟು ಬಿದ್ದಿರಬೇಕು, ಅದಕ್ಕ ಬರವಲ್ಲಳು" ಅಂದ್ಲು. ನನ್ನ ಕಿವ್ಯಾಗ ಒದರಿ ಹೇಳಿದ್ಲು. ಅಂಗಡಿಗೆ ಬಂದ ಗಿರಾಕಿಗೂ ಕೇಳಿಸ್ತು. ಆಕೀದು ಆಕಿ ಅನುಮಾನ, ನಂದು ನನ್ನ ಅನುಮಾನ. ಒಂದ ಮನ್ಯಾಗ ಎರಡೂ ಹಿಡಸ್ತಾವು.

ದಸ್ತಗೀರಸಾಬ ಸವಣೂರಿಗೆ ಬಂದಾಗ ನಾ ಖುದ್ದ ಹೋಗಿ ಮಾತಾಡ್ತೇನಿ. ಅಲ್ಲೀತನಕ ಯಾರಿಗೂ ಮಾತು ಕೊಡಬ್ಯಾಡ, ಸಹಿ ಮಾಡಬ್ಯಾಡ.

ನಾಕು ಗುಂಟೆ ವಿಷಯ ಆಮ್ಯಾಲ ನೋಡೂಣು.

ಕರಬಸಪ್ಪ

---

ಟಿಬಿಲಿಸಿ
9 ಮಾರ್ಚ್ 2025

ಅಣ್ಣಗ,

ನಾಕು ಗುಂಟೆ ಬಗ್ಗೆ ಐದ ಶಬ್ದ ಬರದೀ. ನಾನೂ ಎಣಿಸಬಲ್ಲೆ.

ದಸ್ತಗೀರಸಾಬನ ಕೈಯಾಗ ಈ ಕಾಗದ ಕೊಟ್ಟೇನಿ. ಅವ ರಮಜಾನಿಗೆ ಬಂದವ ಅಲ್ಲೇ ಉಳಿತಾನ. ಮೊಣಕಾಲು ನೋವು ಅಂತಾನ, ಮೊಮ್ಮಕ್ಕಳು ಅಂತಾನ. ಕೇಳು ನೀನ. ಕೇಳಿದ್ದು ಕಿವಿಗೆ ಬಿದ್ರ.

ಪೊಲೀಸರು ನೀರು ಹೊಡದದ್ದು ಖರೇ. ನಮ್ಮ ಓಣಿ ಅಲ್ಲ ಅದು, ದೊಡ್ಡ ರಸ್ತಾ. ನಡಕೊಂತ ಹೋದ್ರ ಹದಿನೈದು ಮಿನಿಟು. ಹಿರೇಕೆರೂರಾಗ ಬಸ್‌ಸ್ಟ್ಯಾಂಡಿನ್ಯಾಗ ಜಗಳಾದ್ರ ನೀ ಅಂಗಡಿ ಮುಚ್ಚತೀಯೇನು? ಶಟರ್ ಅರ್ಧಾ ಇಳಿಸಿ ಕುಂಡ್ರತಿ. ನಾನೂ ಹಂಗ.

ಈ ಊರು ನಿನಗ ಹೆಂಗ ತಿಳಿಸಲಿ. ನೆಲದೊಳಗಿಂದ ಬಿಸಿನೀರು ಬರ್ತೈತಿ, ಗಂಧಕದ ವಾಸನಿ, ನೂರಾರು ವರ್ಷದಿಂದ ಅದರಾಗ ಜನ ಜಳಕ ಮಾಡ್ತಾರ. ಮ್ಯಾಲ ಕೋಟಿ, ಕೆಳಗ ನದಿ. ಗ್ವಾಡಿ ಬಿರಕ ಬಿಟ್ಟಾವು, ಆದ್ರ ಬಿರಕಿನ್ಯಾಗ ದ್ರಾಕ್ಷಿ ಬಳ್ಳಿ ಹಬ್ಬೇತಿ. ಬಾಜೂ ಮನಿ ಲಾಮಾರಾ ಅಂತ, ಎಪ್ಪತ್ತರ ಮ್ಯಾಲ ವಯಸ್ಸು, ದಿನಾ ಮಧ್ಯಾಹ್ನ ಎರಡು ಚಪಾತಿಗೆ ಬರ್ತಾಳ. ನನಗ ಅವರ ಭಾಷಾ ಅರ್ಧಾ ಬರ್ತೈತಿ, ಉಳಿದ ಅರ್ಧಾ ಕೈ ಸನ್ನಿ. ನಾ ಆಕೀನ ಕೇಳಿದೆ: "ಮತ್ತ ಗಲಾಟಿ ಜೋರಾದ್ರ ಏನು ಮಾಡೂದು?"

ಆಕಿ ನಕ್ಕು ಹೇಳಿದ್ಲು: "ನನ್ನ ಹರೇದಾಗ ಇದ ಊರಾಗ ತೋಪು ಹಾರಿದ್ವು. ಕರೆಂಟ್ ಇಲ್ಲ, ಗ್ಯಾಸ್ ಇಲ್ಲ. ಕುರ್ಚಿ ಮುರದು ಒಲಿಗೆ ಹಾಕಿ ಬ್ರೆಡ್ಡು ಸುಟ್ಟೆ. ಈಗ ನೋಡು, ನನ್ನ ಮನ್ಯಾಗ ಆರೂ ಕುರ್ಚಿ ಅದಾವು. ಅಂದ್ರ ಎಲ್ಲಾ ಛಲೋ ಐತಿ."

ಇಂಥಾ ಗಟ್ಟಿ ಮಂದಿ ನಡುವ ಇದ್ದೇನಿ. ನೀ ಹೆದರಬ್ಯಾಡ.

ವೈನಿಗೆ ಹೇಳು, ನನಗ ಗಂಟು ಬಿದ್ದದ್ದು ಬರೇ ಹಿಟ್ಟಿನ ಚೀಲ. ಹುಡುಗರು ಊರಿಂದ ಬರೋವಾಗ ಜೋಳದ ಹಿಟ್ಟು ತರ್ತಾರ. ವಾರಕ್ಕೊಂದ ಸಲ ರೊಟ್ಟಿ. ಆ ದಿನ ಹೊರಗ ಓಣಿತನಕ ಸಾಲು.

ಮಾರು ಅಂದೇನಿ. ಮಾರತಿಯೋ ಇಲ್ಲೋ, ಅಷ್ಟ ಬರಿ.

ಶೈಲಶ್ರೀ

---

ಹಿರೇಕೆರೂರು
21 ಏಪ್ರಿಲ್ 2025

ಶೈಲಾ,

ಸವಣೂರಿಗೆ ಹೋಗಿದ್ದೆ. ದಸ್ತಗೀರಸಾಬ ಚಹಾ ಕುಡಿಸಿದ. ಎರಡು ತಾಸು ಮಾತಾತು. ಮನಿಷಾ ಕೆಟ್ಟವಲ್ಲ.

ಲೋಹಿತ ಅಕ್ಕನ ಮದಿವಿಗೆ ಬಂದಾನ. ಅವನ ಕೈಯಾಗ ಒಂದು ಗಂಟು ಕಳಸಾಕತ್ತೇನಿ. ಹಸಿರು ಇಳಕಲ್ಲ ಸೀರಿ, ಖಣ, ಉಡಿ ಸಾಮಾನು: ಅಕ್ಕಿ, ಕೊಬ್ಬರಿ ಬಟ್ಲ, ಉತ್ತತ್ತಿ, ಅಡಿಕಿ, ಅರಿಷಿಣ ಬೇರು. ಯಾರರ ಮುತ್ತೈದಿ ಕಡಿಂದ ಉಡಿ ತುಂಬಿಸಿಕೋ. ಆ ಮುದುಕಿ ಕಡಿಂದಾದ್ರೂ ನಡಿತೈತಿ.

ಸೀರಿ ಮಡಿಕ್ಯಾಗ ಒಂದು ಕಾಗದ ಐತಿ. ಉಡಿ ತುಂಬಿಸಿಕೊಂಡ ಮ್ಯಾಲ ನೋಡು. ಮೊದಲ ನೋಡಬ್ಯಾಡ.

ಉಳಿದದ್ದು ಆಮ್ಯಾಲ.

ಕರಬಸಪ್ಪ

---

ಟಿಬಿಲಿಸಿ
15 ಮೇ 2025

ಕರಬಸಪ್ಪಣ್ಣಗ,

ಗಂಟು ಬಂತು. ಬಿಚ್ಚಿಲ್ಲ. ಬಂದಂಗ ಪೋಸ್ಟಿಗೆ ಹಾಕೇನಿ. ಪೋಸ್ಟಿನ ಖರ್ಚು ಸೋವಿ ಇರಲಿಲ್ಲ. ಅದನ್ನೂ ನಿನ್ನ ಲೆಕ್ಕಕ್ಕ ಸೇರಿಸಿಕೋ.

ಹೊಳೆವ್ವ ಅತ್ತಿ ನೆನಪಿದ್ದಾಳೇನು? ಅಪ್ಪನ ಖಾಸಾ ತಂಗಿ, ಚಿಕ್ಕೇರೂರಿಗೆ ಕೊಟ್ಟಾಕಿ. ನನಗ ಆಗ ಒಂಬತ್ತು ವರ್ಷ. ಅತ್ತೀನ ಕರಿಸಿದ್ರು. ಹೋಳಿಗಿ ಮಾಡಿಸಿದ್ರು. ಹೊಸಾ ಸೀರಿ ಉಡಿಸಿದ್ರು, ಪಡಸಾಲ್ಯಾಗ ಮಣಿ ಹಾಕಿ ಉಡಿ ತುಂಬಿದ್ರು. ಅತ್ತಿಗೆ ಸಂತೋಷ ಆಗಿ ಅಳು ಬಂದಿತ್ತು. ಉಡಿ ಕಟಗೊಂಡ ಹಂಗ ಜೀಪಿನ್ಯಾಗ ಕುಂಡ್ರಿಸಿ ಸಬ್‌ರಜಿಸ್ಟ್ರಾರ ಕಚೇರಿಗೆ ಕರಕೊಂಡು ಹೋದ್ರು. ಹೊಲದಾಗಿನ ಹಕ್ಕು ಅರಿಷಿಣ-ಕುಂಕುಮಕ್ಕ ಬಿಟ್ಟೇನಿ ಅಂತ ಹೆಬ್ಬಟ್ಟು ಒತ್ತಿಸಿಕೊಂಡ್ರು. ಹೊಳ್ಳಿ ಬಂದಾಗ ಅತ್ತಿ ನನ್ನ ಕೈಯಾಗ ಒಂದು ಉತ್ತತ್ತಿ ಇಟ್ಟು, "ತಿನ್ನು, ಎರಡು ಎಕರೆದ್ದು" ಅಂದ್ಲು.

ಮೊದಲ ಉಡಿ, ಆಮ್ಯಾಲ ಕಾಗದ. ನೀನೂ ಅದನ್ನ ಬರದೀ. ಉಡಿ ತುಂಬಿಸಿಕೊಂಡ ಮ್ಯಾಲ ನೋಡು, ಮೊದಲ ನೋಡಬ್ಯಾಡ. ನಾ ಒಂಬತ್ತು ವರ್ಷದಾಕಿ ಅಲ್ಲ ಈಗ, ನಲವತ್ನಾಕು.

ಇನ್ನೊಂದು ಮಾತು. ನಾ ಸೋಡಚೀಟಿ ತಗೊಂಡು ಹನ್ನೊಂದು ವರ್ಷಾತು. ಹನ್ನೊಂದು ವರ್ಷದಾಗ ನಿಮ್ಮ ಮನ್ಯಾಗ ಯಾರೂ ನನ್ನ ಉಡಿ ತುಂಬಿಲ್ಲ. ಗೌರಿ ಹುಣ್ಣಿವಿಗೆ ಬಂದಾಗ, "ಗಂಡನ್ನ ಬಿಟ್ಟಾಕಿಗೆ ಹೆಂಗ ತುಂಬೂದು, ಯಾರನರ ಕೇಳಬೇಕು" ಅಂತ ವೈನಿ ಅಡಗಿಮನ್ಯಾಗ ಅಂದದ್ದು ನನ್ನ ಕಿವಿಗೆ ಬಿದ್ದೈತಿ. ನನ್ನ ಕಿವಿ ಛಲೋ ಅದಾವು. ಈಗ ನಾಕು ಗುಂಟೆ ಕೇಳಿದ ಕೂಡಲೆ ನಾ ಮುತ್ತೈದಿ ಆದೆನೇನು?

ಅರ್ಧಾ ನಂದು. ಕಾಯದೆ ಐತಿ. ಸೀರಿ ನೀನ ಉಟಗೋ.

ಶೈಲಶ್ರೀ ಬಸವಣ್ಣೆಪ್ಪ

---

ಹಿರೇಕೆರೂರು
24 ಜೂನ್ 2025

ಶೈಲಾ,

ಅಪ್ಪನ ಹೆಸರು ಹಚ್ಚಿ ಸಹಿ ಮಾಡೀದಿ. ನೋಟೀಸು ಬಂದಂಗಾತು.

ಗಂಟು ಮುಟ್ಟೇತಿ. ಪೋಸ್ಟಿನವ ಕೊಟ್ಟು ಹೋದ. ನಿನ್ನ ವೈನಿ ಬಿಚ್ಚಿದ್ಲು. ಅಕ್ಕಿ ಕಟ್ಟಿದ ಗಂಟು ಹಂಗ ಇದ್ದದ್ದು ಕಂಡು ಅಲ್ಲೇ ನೆಲದ ಮ್ಯಾಲ ಕುಂತ್ಲು. ಹೋದ ಉಡಿ ತಿರುಗಿ ಬಂದದ್ದು ನಮ್ಮ ಮನಿತನದಾಗ ಯಾರೂ ಕೇಳಿಲ್ಲ. "ನಾ ಕಣ್ಣು ಹರದು ಆರಿಸಿದ ಅಕ್ಕಿ, ಒಂದು ನುಚ್ಚು ಇರಲಿಲ್ಲ" ಅಂದ್ಲು. ಹೌದು, ಅಡಗಿಮನ್ಯಾಗ ಹಂಗ ಅಂದಾಕಿನ ಆರಿಸಿದ್ಲು. ನಾ ಹೇಳಿರಲಿಲ್ಲ, ತಾನ ಆರಿಸಿದ್ಲು. ನಾಕು ದಿನಾತು, ಮಾತಿಲ್ಲ. ನನ್ನ ಕಿವಿಗೆ ಆರಾಮ ಐತಿ, ಮನಸಿಗೆ ಇಲ್ಲ.

ಈಗ ನಾ ಮುಚ್ಚಿಟ್ಟದ್ದು ಹೇಳ್ತೇನಿ. ಆಮ್ಯಾಲ ನೀ ಮುಚ್ಚಿಟ್ಟದ್ದೂ ನಾನ ಹೇಳ್ತೇನಿ.

ಸವಣೂರಾಗ ದಸ್ತಗೀರಸಾಬನ್ನ ಕೇಳಿದೆ: "ಸಾಹೇಬ್ರ, ನನ್ನ ತಂಗಿಗೆ ಯಾಕ ಕೊಡಾಕತ್ತೀರಿ?" ಅವ ಹಾಳಿ ಮ್ಯಾಲ ಬರದು ತೋರಿಸಿದ, ಒದರಿ ಒದರಿ ಸಾಕಾಗಿ. "ಕೊಡಾಕತ್ತಿಲ್ರಿ, ಕೊಟ್ಟೇನಿ. ತಂಗಿಯವ್ರು ಡಿಸೆಂಬರದಾಗ ಸಹಿ ಮಾಡ್ಯಾರ." ನೀ ಜನವರ್ಯಾಗ ನನ್ನ ಹೂಂ ಕೇಳೀದಿ. ಮದಿವಿ ಮುಗಿಸಿ ಹೆಣ್ಣು ನೋಡಾಕ ಬರ್ರಿ ಅಂದಂಗ.

ಎಪ್ಪತ್ತೊಂದು ಮಂದಿ ಬಗ್ಗೆ ಕೇಳಿದೆ. "ಅದು ಹಳೇ ಮಾತ್ರಿ. ಗಲಾಟಿ ಶುರು ಆದ ಮ್ಯಾಲ ತಂದಿತಾಯಿ ಹೆದರಿ ಎಷ್ಟೋ ಹುಡುಗರನ್ನ ಬ್ಯಾರೆ ಕಡೆ ಹಾಕಿದ್ರು" ಅಂದ.

ಕಡೀಕ ಕೇಳಿದೆ, ನೀವು ಯಾಕ ಬಿಟ್ಟಿರಿ. ಮೊಣಕಾಲು ಅಂದ. ನಾ ಹಾಳಿ ಮತ್ತ ಅವನ ಮುಂದ ಸರಿಸಿದೆ. ಕಿವಿ ಕೇಳದವರ ಮುಂದ ಭಾಳೊತ್ತು ಸುಳ್ಳು ಹೇಳಾಕ ಯಾರಿಗೂ ಆಗಂಗಿಲ್ಲ. ಆಮ್ಯಾಲ ಬರದ: "ಹನ್ನೊಂದು ವರ್ಷದಾಗ ಮೂರು ಸಲ ಬ್ಯಾಗ ಕಟ್ಟಿ ಮೂರು ಸಲ ಬಿಚ್ಚೇನಿ. ಓಡಿ ಹೋಗೋ ಪ್ರಸಂಗ ಒಮ್ಮೆನೂ ಬರಲಿಲ್ರಿ. ಕಟ್ಟಿ ಬಿಚ್ಚಿನ ಸೋತೆ." ಅದರ ಕೆಳಗ ಇನ್ನೊಂದು ಸಾಲು: "ತಂಗಿಯವ್ರ ಬ್ಯಾಗನೂ ಬಾಗಲ ಹಿಂದ ಕಟ್ಟಿ ಇಟ್ಟೈತಿ."

ಆ ಬ್ಯಾಗ ನಿನ್ನ ಯಾವ ಕಾಗದದಾಗೂ ಇಲ್ಲ.

ಹಿರೇಕೆರೂರ ತನಕ ಬಸ್ಸಿನ್ಯಾಗ ಅದನ್ನ ವಿಚಾರ ಮಾಡಿದೆ. ಸಹಿ ಆಗೇತಿ. ಬೈದ್ರ ಬರಂಗಿಲ್ಲ. ಹೆಣ್ಣಮಗಳು ಹೊಸಾ ಒಲಿ ಹೂಡ್ಯಾಳ, ತವರುಮನಿಯಿಂದ ಉಡಿ ಹೋಗಬೇಕಾದದ್ದು ರೀತಿ. ಹನ್ನೊಂದು ವರ್ಷ ತಪ್ಪಿಸೇವಿ, ಇದನ್ನರ ತಪ್ಪಿಸೂದು ಬ್ಯಾಡ ಅಂತ ಕಳಿಸಿದೆ. ಹೊಳೆವ್ವ ಅತ್ತಿ ನನಗ ನೆನಪಾಗಲಿಲ್ಲ. ಉಡಿ ತುಂಬಿಸಿಕೊಂಡವರಿಗೆ ನೆನಪಿರೂದು ಬ್ಯಾರೆ, ಬಾಗಲಾಗ ನಿಂತು ನೋಡಿದ ಗಂಡಸರಿಗೆ ನೆನಪಿರೂದು ಬ್ಯಾರೆ.

ಮಡಿಕ್ಯಾಗಿನ ಕಾಗದ ವಾಟ್ನಿ ಪತ್ರದ ಕಚ್ಚಾ. ನಾಕು ಗುಂಟೆ ಎರಡು ಭಾಗ. ರಸ್ತಾಕ್ಕ ಹತ್ತಿದ ಮುಂದಿನ ಎರಡು ನಿನಗ, ಹಿಂದಿನ ಎರಡು ನನಗ. ಮೊದಲ ನೋಡಬ್ಯಾಡ ಅಂದದ್ದು, ನೀ ನೋಡಿದ ಕೂಡಲೆ ಜಗಳಾ ತಗಿತಿ, ಉಡಿ ಮರಿತಿ ಅಂತ. ಜಗಳಾ ಯಾಕಂದ್ರ ಕೆಳಗ ಒಂದು ಸಾಲು ಸೇರಿಸೇನಿ: ಐದು ವರ್ಷ ಮಾರಬಾರದು. ಅದು ನಂದ ಹಿಕಮತ್ತು. ರೊಕ್ಕ ಕೊಟ್ರ ಅದು ಆ ಬಿರಕು ಬಿಟ್ಟ ಗ್ವಾಡಿಯೊಳಗ ಹೋಗತೈತಿ. ಬ್ಯಾಗ ಕಟ್ಟಿದಾಕಿಗೆ ಬಂದು ಇಳಿಯಾಕ ಒಂದು ನೆಲ ಇರಲಿ.

ಸಹಿ ಮಾಡಾಕ ನೀ ಖುದ್ದ ಬರಬೇಕು.

ಕರಬಸಪ್ಪ

---

ಹಿರೇಕೆರೂರು
3 ಆಗಸ್ಟ್ 2025

ಶೈಲಾ,

ನಲವತ್ತು ದಿನಾತು. ಉತ್ತರ ಇಲ್ಲ. ಲೋಹಿತನ ಮನಿಗೆ ಹಾನಗಲ್ಲಿಗೆ ಹೋಗಿ ಬಂದೆ. "ಖಾನಾವಳಿ ಮುಚ್ಚಿತ್ತಂತ" ಅಂದ್ರು ಅವರವ್ವ. ಮುಂದ ಅವರಿಗೂ ಗೊತ್ತಿಲ್ಲ. ಸಿಟ್ಟಿದ್ರ ಸಿಟ್ಟು ಅಂತ ಬರಿ. ಒಂದು ಸಾಲು ಸಾಕು.

ಇಲ್ಲಿ ಎಲ್ಲಾ ಬರೋಬರಿ. ಮೊನ್ನೆ ಠಾಣೆಯಿಂದ ಪೊಲೀಸಪ್ಪ ಮನಿಗೆ ಬಂದು ನನ್ನ ಹೆಸರು, ನಿನ್ನ ವೈನಿ ಹೆಸರು, ಎಷ್ಟು ವರ್ಷದಿಂದ ಈ ಮನ್ಯಾಗ ಅದೀರಿ ಅಂತ ಕೇಳಿ ಬರಕೊಂಡು ಹೋದ. ಏನೂ ಇಲ್ಲ. ಒಂದು ಅರ್ಜಿ ಸಂಬಂಧ.

ಮಳಿ ಛಲೋ ಆಗೇತಿ.

ಕರಬಸಪ್ಪ

---

ಟಿಬಿಲಿಸಿ
20 ಆಗಸ್ಟ್ 2025

ಅಣ್ಣಗ, ವೈನಿಗೂ,

ಸಿಟ್ಟು ಇರಲಿಲ್ಲ, ನಾಚಿಕಿ ಇತ್ತು. ಸಿಟ್ಟಿದ್ರ ಲಗೂನ ಬರದಿರ್ತಿದ್ದೆ.

ಜುಲೈದಾಗ ನಮ್ಮ ಓಣಿಗೆ ಹೊರಗಿನವರ ಕಾಗದ ತಪಾಸಣಿ ಮಾಡಾಕ ಬಂದ್ರು. ನನ್ನವು ಎಲ್ಲಾ ಸರಿ ಇದ್ವು. ಆದ್ರೂ ಎಂಟು ದಿನ ಖಾನಾವಳಿ ಮುಚ್ಚಿಸಿದ್ರು. ಎಂಟೂ ದಿನ ಲಾಮಾರಾ ನನ್ನ ಬಾಗಲ ಮುಂದ ಕುಂತು, ಬಂದ ಬಂದ ಅಧಿಕಾರಿಗೆ, "ಈಕಿ ರೊಟ್ಟಿ ತಿಂದು ನೋಡು, ಆಮ್ಯಾಲ ಮುಚ್ಚಸು" ಅಂತ ಜಗಳಾಡಿದ್ಲು. ಒಂಬತ್ತನೇ ದಿನ ತಗದೆ.

ಈಗ ಖರೇ ಲೆಕ್ಕ ಕೇಳು. ಊಟಕ್ಕ ಬರೋರು ನಲವತ್ತಾರು. ಬ್ರೆಡ್ಡು, ಬಸ್ಸು ಸೋವಿ. ಡಾಕ್ಟರು ಸೋವಿ ಇಲ್ಲ. ನಿದ್ದಿ ವಾರದಾಗ ಐದು ದಿನ ಛಲೋ ಬರ್ತೈತಿ. ಬ್ಯಾಗಿನ್ಯಾಗ ಪಾಸ್‌ಪೋರ್ಟು, ಸ್ವೆಟರು, ಎರಡು ಕಿಲೋ ಜೋಳದ ಹಿಟ್ಟು. ಎಲ್ಲಿಗೆ ಓಡಿದ್ರೂ ಹಸಿವಿ ಆಗತೈತಿ. ಇನ್ನ, ಈ ನಲವತ್ತಾರು ಮಂದಿ ನನ್ನ "ಅಕ್ಕಾರ" ಅಂತ ಕರಿತಾರ. ಶಿಗ್ಗಾಂವ್ಯಾಗ "ಗಂಡನ್ನ ಬಿಟ್ಟಾಕಿ ಖಾನಾವಳಿ" ಅಂತಿದ್ರು. ಈ ಬಾಬತ್ತು ಯಾವ ಕಾಲಮ್ಮಿನ್ಯಾಗ ಹಾಕಲಿ, ತಿಳಿದ್ರ ಹೇಳು.

ದಸ್ತಗೀರಸಾಬಗ ಫೋನ್ ಮಾಡಿದೆ. ಖರೀದಿ ಬ್ಯಾಡ, ವರ್ಷ ವರ್ಷ ಬಾಡಗಿ, ಡಿಸೆಂಬರದಾಗ ಸಹಿ ಮಾಡೋವಾಗ ಕೊಟ್ಟ ಮುಂಗಡ ಮೊದಲನೇ ವರ್ಷದ್ದು ಅಂದೆ. "ತಂಗಿ, ನನ್ನ ಕಡೆ ಅಡಗಿ ಮಾಡಾಕ ಬಂದಿದ್ದಿ ಯವ್ವಾ, ನನಗ ವ್ಯಾಪಾರ ಕಲಸಾಕಲ್ಲ" ಅಂದ. ಮೂರು ದಿನ ಜಗಳಾಡಿ ಒಪ್ಪಿದ. ಅವಗೂ ಬ್ಯಾರೆ ಗಿರಾಕಿ ಇರಲಿಲ್ಲ ಅಂತ ನನ್ನ ಅನುಮಾನ.

ಹಂಗಾಗಿ ನೆಲ ಮಾರಬ್ಯಾಡ. ಜನವರ್ಯಾಗ ಬಂದು ಸಹಿ ಮಾಡ್ತೇನಿ. ಆದ್ರ ಐದು ವರ್ಷದ ಸಾಲು ಹೊಡದು ಹಾಕು. ನಾ ಮಾರಂಗಿಲ್ಲ. ಮಾರಬಾರದು ಅನ್ನಿಸಿಕೊಂಡು ಇಟಗೊಳ್ಳೂದು ಮಾತ್ರ ಬ್ಯಾಡ.

ವೈನೀ, ಆ ಅಕ್ಕಿ ಅನ್ನ ಮಾಡಿ ಉಂಡುಬಿಡ್ರಿ. ತಪ್ಪು ನಂದು. ನಾ ನಿಮ್ಮ ಗಂಟು ನೋಡಿ ಅತ್ತೀನ ಉಡಿ ಕಂಡೆ. ಹೊಸಾ ಅಕ್ಕಿ ಆರಿಸ್ರಿ. ಈ ಸಲ ಕಳಸಬ್ಯಾಡ್ರಿ, ಕೈಯಾರ ನೀವ ತುಂಬಬೇಕು, ಇಲ್ಲೇ, ನನ್ನ ಒಲಿ ಮುಂದ.

ಅಣ್ಣಾ, ಪೊಲೀಸರು ಮನಿಗೆ ಬಂದು ಗಂಡ ಹೆಂಡತಿ ಇಬ್ಬರ ಹೆಸರೂ ಕೇಳಿ ಬರಕೊಳ್ಳೋ ಅರ್ಜಿ ಒಂದ ಐತಿ. ನಾ ಪಾಸ್‌ಪೋರ್ಟು ಮಾಡಿಸಿದಾಗ ನಮ್ಮ ಮನಿಗೂ ಬಂದಿದ್ರು. ಮುಚ್ಚಿಡಾಕ ನಿನಗ ಬರಂಗಿಲ್ಲ.

ಅಕ್ಟೋಬರ್ ಮೊದಲ ವಾರಕ್ಕ ಇಬ್ಬರಿಗೂ ಟಿಕೀಟು ತಗದೇನಿ. ಆ ವಾರ ಇಲ್ಲಿ ಊರ ಓಟು, ಗಲಾಟಿ ಆಗೂದಿದ್ರ ಅವಾಗ ಆಗತೈತಿ ಅಂತಾರ. ಬೇಕಂತ ಆ ವಾರ ತಗದೇನಿ. ಛಲೋ ವಾರದಾಗ ಕರಿಸಿದ್ರ, ತಂಗಿ ಬಣ್ಣದ ಚಿತ್ರ ತೋರಿಸಿದ್ಲು ಅಂತಿ. ಹತ್ತು ದಿನ ಉಂಡು, ಓಡಾಡಿ, ಆಮ್ಯಾಲ "ನಡಿ ಊರಿಗೆ, ಕಾಯಂ" ಅಂದ್ರ ವಿಚಾರ ಮಾಡ್ತೇನಿ. ವಿಚಾರ ಮಾಡ್ತೇನಿ ಅಂದೇನಿ, ಬರ್ತೇನಿ ಅಂದಿಲ್ಲ.

ಹಿಂಗಾರಿ ಬೀಜದ ಸೀಜನ್ನು, ಅಂಗಡಿ ಯಾರು ನೋಡ್ಕೊಂತಾರ ಅಂತ ನೀ ನೆವಾ ತಗಿತಿ, ನನಗ ಗೊತ್ತು. ನಿನ್ನ ಮ್ಯಾಲ ನನಗ ಕಾಸಿನಷ್ಟೂ ಭರೋಸಾ ಇಲ್ಲ. ಅದಕ್ಕ ಹುಡುಕಿ ಹುಡುಕಿ, ರದ್ದು ಮಾಡಿದ್ರ ಒಂದು ರೂಪಾಯಿನೂ ವಾಪಸ್ ಬರದಂಥಾ ಟಿಕೀಟನ ತಗದೇನಿ.

ಶೈಲಾ